ಇಂಗ್ಲಿಷ್ ಮಾತಿನಲ್ಲಿ ಕಣ್ಣು, ಕೈ, ಕಂಠ

1956ರಲ್ಲಿ ಬೀದರ, ಗುಲ್ಬರ್ಗಾ ಜಿಲ್ಲೆಗಳಿಂದ ಬೇರ್ಪಟ್ಟು, ಇಂದು ತೆಲಂಗಾಣದಲ್ಲಿರುವ ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನೂ ಬಜಾರಿನಲ್ಲಿ ತೆಲುಗು, ಉರ್ದುಗಳನ್ನೂ ಸಲೀಸಾಗಿ ಆಡುವರು. ಇಂಗ್ಲಿಷ್ ಎಂದೊಡನೆ ತಲೆ ತಗ್ಗಿಸುವರು.

ಮೆಟ್ರಿಕ್ ಮುಗಿಸಿ ನಾನೆದುರಿಸಿದ ಮೊದಲ ಸಂದರ್ಶನದಲ್ಲಿ ನನಗೆ ಉತ್ತರಗಳೇನೋ ತಿಳಿದಿದ್ದವು. ಆದರೆ ಕೈಕಟ್ಟಿ, ನೆಲ ನೋಡುತ್ತ, ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅಧಿಕಾರಿಗಳು ಮೂರು ಬಾರಿ ಮರಳಿ ಕೇಳಿದರು, ಕೆಲಸ ದೊರೆಯಲಿಲ್ಲ. ಹಿರಿಯರೆದುರು ಕೈಕಟ್ಟುವುದು ನಮ್ಮಲ್ಲಿ ವಿನಯ. ಅಲ್ಲಿ ಅದು ಅಳುಕೆನಿಸಿತು.

ಧ್ವನಿಯ ವಿಷಯ ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ಒತ್ತು ಬದಲಾದರೆ ಪದದ ಅರ್ಥ ಬದಲಾಗದು. ಇಂಗ್ಲಿಷಿನಲ್ಲಿ ಹಾಗಲ್ಲ. ‘ರೆಕಾರ್ಡ್’ ಪದದ ಮೊದಲ ಭಾಗವನ್ನು ಒತ್ತಿ ನುಡಿದರೆ ದಾಖಲೆ, ಎರಡನೆಯದನ್ನು ಒತ್ತಿದರೆ ದಾಖಲಿಸು. ‘ಎಂಜಿನ್’ ನಮ್ಮ ಬಾಯಲ್ಲಿ ‘ಯೆಂಜಿನ್’ ಆಗುತ್ತದೆ. ‘ಬಸ್’ ಉಕಾರ ಪಡೆದು ‘ಬಸ್ಸು’ ಆಗುತ್ತದೆ. ಕನ್ನಡದಲ್ಲಿ ಇದು ಸಹಜವೇ, ನಾಚಬೇಕಾದ್ದಿಲ್ಲ. ಇಂಗ್ಲಿಷ್ ಆಡುವಾಗ ಮಾತ್ರ ಆ ಬಾಲವನ್ನು ಬಿಡಬೇಕು.

ನಿತ್ಯ ಹತ್ತು ನಿಮಿಷ ಇಂಗ್ಲಿಷ್ ಪತ್ರಿಕೆಯನ್ನು ಗಟ್ಟಿಯಾಗಿ ಓದಿರಿ. ಪೂರ್ಣವಿರಾಮ ಬಂದಲ್ಲಿ ಉಸಿರೆಳೆದುಕೊಂಡು, ತಲೆಯೆತ್ತಿ ಎದುರಿಗಿರುವವರನ್ನು ನೋಡಿರಿ. ಎದುರಿಗೆ ತಾಯಿಯನ್ನೇ ಕೂರಿಸಿಕೊಳ್ಳಬಹುದು. ಇಂಗ್ಲಿಷ್ ಬಾರದಿದ್ದರೂ, ಮಗ ಕೊನೆಯ ಪದವನ್ನು ನುಂಗಿದರೆ ಆಕೆಗೆ ತಿಳಿಯುತ್ತದೆ.