ಕೀಲೆಣ್ಣೆ ಮರೆತ ಗಾಡಿ: ಇಂಜಿನ್ ಆಯಿಲ್‌ಗೆ ಹತ್ತು ಸೂತ್ರ

ನಾನು ಕೊಂಡ ಮೊದಲ ಸೆಕೆಂಡ್ ಹ್ಯಾಂಡ್ ಕಾರಿನ ಬಾನೆಟ್ ಎತ್ತಿ, ಆಯಿಲ್ ಹಾಕುವ ಮುಚ್ಚಳ ತಿರುವಿದ ಮೆಕ್ಯಾನಿಕ್ ಮೊದಲು ಏನೂ ಮಾತಾಡಲಿಲ್ಲ. ಒಳಗೆ ಕಿರುಬೆರಳು ಹಾಕಿ, ಹೊರತೆಗೆದು ನನ್ನ ಮುಖದ ಮುಂದೆ ಹಿಡಿದ. ಬೆರಳ ತುದಿಯಲ್ಲಿದ್ದದ್ದು ಎಣ್ಣೆಯಲ್ಲ, ಗಟ್ಟಿಯಾದ ಜೋನಿಬೆಲ್ಲದಂಥ ಕಪ್ಪು ಮುದ್ದೆ. ‘ಈ ಆಯಿಲ್‌ಗೂ ಕಾರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು ಸಾರ್’ ಅಂದ. ಮಾರಿದವರು ‘ಮೊನ್ನೆ ತಾನೇ ಹಾಕಿಸಿದ್ದೇವೆ’ ಎಂದಿದ್ದರು. ತೆಗೆದು ನೋಡದೆ ನಂಬಿದ್ದು ನನ್ನ ತಪ್ಪು. ಹತ್ತು ವರ್ಷಕ್ಕೆ ಆಗುವಷ್ಟು ಆಯಿಲ್ ಖರ್ಚು ಇಂಜಿನ್ ಕೆಲಸದ ಒಂದೇ ಬಿಲ್ಲಿನಲ್ಲಿ ಹೋಯಿತು.

ಎತ್ತಿನ ಗಾಡಿಯ ಕಾಲದಲ್ಲಿ ಅಚ್ಚಿಗೆ ಕೀಲೆಣ್ಣೆ ಹಾಕದೆ ಯಾರೂ ಜಾತ್ರೆಗೆ ಹೊರಡುತ್ತಿರಲಿಲ್ಲ. ಮರೆತರೆ ಚಕ್ರವೇ ಕಿರುಗುಟ್ಟಿ ಊರಿಗೆಲ್ಲ ಸಾರುತ್ತಿತ್ತು. ಕಾರಿನ ಇಂಜಿನ್ ಅಷ್ಟು ಬೇಗ ಕೂಗುವುದಿಲ್ಲ. ಅದು ಕೂಗುವ ಹೊತ್ತಿಗೆ ಒಳಗೆ ಸವೆಯಬೇಕಾದ್ದೆಲ್ಲ ಸವೆದಿರುತ್ತದೆ.

1. ‘ಕಡಿಮೆಯಾಗಿಲ್ಲವಲ್ಲ, ಯಾಕೆ ಬದಲಿಸಲಿ?’ ಎನ್ನಬೇಡಿ

ಬೋಂಡ ಅಂಗಡಿಯ ಬಾಣಲೆ ನೆನಪಿಸಿಕೊಳ್ಳಿ. ಮೂರು ದಿನದಿಂದ ಕಾಯುತ್ತಿರುವ ಎಣ್ಣೆ ಬಾಣಲೆ ತುಂಬ ಇದ್ದರೂ ಅದರಲ್ಲಿ ಕರಿದದ್ದನ್ನು ತಿನ್ನಲು ಮನಸ್ಸಾಗುವುದಿಲ್ಲ. ಇಂಜಿನ್ ಒಳಗೂ ಅದೇ ಕತೆ. ಅಲ್ಲಿ ಆಯಿಲ್‌ಗೆ ಒಂದಲ್ಲ, ಐದು ಕೆಲಸ: ಲೋಹಕ್ಕೆ ಲೋಹ ತಾಗದಂತೆ ನಡುವೆ ಪದರವಾಗಿ ನಿಲ್ಲಬೇಕು, ನೀರು ತಲುಪದ ಜಾಗದ ಬಿಸಿಯನ್ನು ಹೊತ್ತು ತರಬೇಕು, ಮಸಿಯನ್ನು ತೊಳೆಯಬೇಕು, ಪಿಸ್ಟನ್ ರಿಂಗಿನ ಸಂದು ಮುಚ್ಚಬೇಕು, ತುಕ್ಕು ತಡೆಯಬೇಕು. ಮೀಟರ್ 2,000 ಆರ್‌ಪಿಎಂ ತೋರಿಸುವಾಗ ಕ್ರ್ಯಾಂಕ್ ಸೆಕೆಂಡಿಗೆ 33 ಸುತ್ತು ಹೊಡೆಯುತ್ತಿರುತ್ತದೆ. ಅಷ್ಟು ಹೊತ್ತೂ ಬೇರಿಂಗನ್ನು ಕಾಯುವುದು ಕೂದಲೆಳೆಗಿಂತ ತೆಳುವಾದ ಒಂದು ಎಣ್ಣೆ ಪದರ.

ಇಂಧನ ಸುಟ್ಟಾಗ ಹುಟ್ಟುವ ಮಸಿ, ನೀರಾವಿ, ಆಮ್ಲ, ಸುಡದೆ ಉಳಿದ ಪೆಟ್ರೋಲ್ ಎಲ್ಲವೂ ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿದು ಆಯಿಲ್‌ಗೆ ಸೇರುತ್ತವೆ. ಅವನ್ನು ಎದುರಿಸಲೆಂದೇ ಕಂಪನಿಗಳು ಆಯಿಲ್‌ನಲ್ಲಿ ರಾಸಾಯನಿಕಗಳನ್ನು ಬೆರೆಸಿರುತ್ತವೆ. ಮೊದಲು ಖಾಲಿಯಾಗುವುದು ಆ ರಾಸಾಯನಿಕಗಳು. ಆಮೇಲೆ ಉಳಿಯುವುದು ಹೆಸರಿಗೆ ಮಾತ್ರ ಆಯಿಲ್. ಮೇಲಿಂದ ಅರ್ಧ ಲೀಟರ್ ಟಾಪ್ ಅಪ್ ಮಾಡಿದರೆ ಮಟ್ಟ ಏರುತ್ತದೆ, ಕೊಳೆ ಅಲ್ಲೇ ಇರುತ್ತದೆ.

(ಎಲೆಕ್ಟ್ರಿಕ್ ಕಾರಿನವರು ಇಲ್ಲಿಗೇ ಎದ್ದು ಹೋಗಬಹುದು, ನಿಮಗೆ ಇಂಜಿನ್ನೇ ಇಲ್ಲ. ಹೈಬ್ರಿಡ್‌ನವರು ಕೂತಿರಿ.)

2. ಕಿಲೋಮೀಟರ್ ಜೊತೆ ತಿಂಗಳನ್ನೂ ಎಣಿಸಿ

ನಮ್ಮಲ್ಲಿ ಮಾರಾಟವಾಗುವ ಬಹಳಷ್ಟು ಕಾರುಗಳ ಪುಸ್ತಕದಲ್ಲಿ ಆಯಿಲ್ ಬದಲಿಸಲು ಹೇಳಿರುವುದು 10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಅದು. ಕೆಲವು ಕಂಪನಿಗಳು 15,000 ಕಿ.ಮೀ. ಎನ್ನುತ್ತವೆ. ಜನ ಮೊದಲರ್ಧ ಓದಿ ಪುಸ್ತಕ ಮುಚ್ಚುತ್ತಾರೆ. ‘ವರ್ಷಕ್ಕೆ ಮೂರು ಸಾವಿರವೂ ಓಡಿಲ್ಲ’ ಎಂದು ಮೂರು ವರ್ಷ ಅದೇ ಆಯಿಲ್‌ನಲ್ಲಿ ಕಾರಿಡುತ್ತಾರೆ. ಮಕ್ಕಳು ದುಬೈಯಲ್ಲೋ ಮಸ್ಕತ್‌ನಲ್ಲೋ ಇದ್ದು, ಉಡುಪಿ, ಕುಂದಾಪುರದ ಮನೆಯ ಶೆಡ್‌ನಲ್ಲಿ ವರ್ಷದ ಹತ್ತು ತಿಂಗಳು ನಿಂತೇ ಇರುವ ಕಾರುಗಳು ಎಷ್ಟಿಲ್ಲ? ನಿಂತ ಇಂಜಿನ್‌ನೊಳಗೂ ತೇವ ಕೂಡುತ್ತದೆ, ಆಮ್ಲ ಲೋಹವನ್ನು ಮೆಲ್ಲಗೆ ತಿನ್ನುತ್ತದೆ.

ನೆನಪಿಗೊಂದು ಉಪಾಯ: ಕಡಿಮೆ ಓಡುವ ಕಾರಿಗೆ ಆಯುಧಪೂಜೆಯ ವಾರವನ್ನೇ ಗಡುವಾಗಿಸಿ. ಹೇಗೂ ತೊಳೆಯುತ್ತೀರಿ, ಹಾರ ಹಾಕುತ್ತೀರಿ, ಚಕ್ರದಡಿ ನಿಂಬೆಹಣ್ಣು ಇಡುತ್ತೀರಿ. ಅದಕ್ಕೆ ಮೊದಲು ಆಯಿಲ್ ಬದಲಿಸಿ. ಅಧಿಕಮಾಸ ಬಂದ ವರ್ಷ ಹಬ್ಬ ಹದಿನೆಂಟಿಪ್ಪತ್ತು ದಿನ ಮುಂದೆ ಹೋಗುತ್ತದೆ, ಆ ಸಲ ಹಬ್ಬಕ್ಕೆ ಕಾಯಬೇಡಿ.

3. ಬೆಂಗಳೂರಿನವರು ಮೀಟರನ್ನು ಪೂರ್ತಿ ನಂಬಬೇಡಿ

ಇಡೀ ವಿಷಯದಲ್ಲಿ ನಾನು ಒತ್ತಿ ಹೇಳುವುದು ಇದನ್ನೇ. ಓಡೋಮೀಟರ್ ಎಣಿಸುವುದು ಚಕ್ರದ ಸುತ್ತನ್ನು, ಆಯಿಲ್ ದುಡಿದ ಗಂಟೆಗಳನ್ನಲ್ಲ. ಲೆಕ್ಕ ಹಾಕಿ ನೋಡಿ. ಹುಬ್ಬಳ್ಳಿ ಹೆದ್ದಾರಿಯಲ್ಲಿ ಸರಾಸರಿ 70ರ ವೇಗದಲ್ಲಿ ಓಡುವ ಕಾರು 10,000 ಕಿ.ಮೀ. ಮುಗಿಸಲು ಸುಮಾರು 143 ಗಂಟೆ ಸಾಕು. ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿ, ಹೆಬ್ಬಾಳದ ಗಂಟುಗಳಲ್ಲಿ ಸರಾಸರಿ 18ರಲ್ಲಿ ತೆವಳುವ ಕಾರಿಗೆ ಅಷ್ಟೇ ದೂರಕ್ಕೆ ಸುಮಾರು 556 ಗಂಟೆ ಬೇಕು. ಮೀಟರ್ ಎರಡೂ ಕಾರಿಗೆ ಒಂದೇ ಅಂಕಿ ತೋರಿಸುತ್ತದೆ.

ಸಿಗ್ನಲ್‌ನಲ್ಲಿ ನಿಂತ ಇಂಜಿನ್ ಮೇಲೆ ಹೊರೆ ಕಡಿಮೆ, ಹಾಗಾಗಿ ನಾಲ್ಕು ಪಟ್ಟು ಬೇಗ ಬದಲಿಸಬೇಕಿಲ್ಲ. ಆದರೆ ಒಂದೇ ಲೆಕ್ಕ ಎರಡಕ್ಕೂ ಸರಿಹೊಂದದು. ಕಾರಿನ ಪುಸ್ತಕದ ಹಿಂದಿನ ಪುಟಗಳಲ್ಲಿ ‘ಸಿವಿಯರ್ ಕಂಡೀಷನ್’ ಎಂಬ ಪಟ್ಟಿ ಇರುತ್ತದೆ. ನಿಂತು ನಿಂತು ಸಾಗುವ ಟ್ರಾಫಿಕ್, ಎರಡು ಮೂರು ಕಿ.ಮೀ. ಓಟ, ಧೂಳು, ಬೆಟ್ಟದ ರಸ್ತೆ, ತುಂಬು ಭಾರ, ಕಡು ಬಿಸಿಲು. ಓದುತ್ತಾ ಹೋದರೆ ಬೆಂಗಳೂರು, ಬಳ್ಳಾರಿ, ಶಿರಾಡಿ ಘಾಟಿ, ರಾಯಚೂರಿನ ಏಪ್ರಿಲ್ ಎಲ್ಲವೂ ಅದರಲ್ಲೇ ಬರುತ್ತವೆ! ಇಂಥ ಓಡಾಟಕ್ಕೆ ಹಲವು ಪುಸ್ತಕಗಳು ಹೇಳುವ ಅವಧಿ ಅರ್ಧಕ್ಕರ್ಧ, ಎಂದರೆ 5,000 ಕಿ.ಮೀ. ಅಥವಾ ಆರು ತಿಂಗಳು. ‘ಐದು ಸಾವಿರಕ್ಕೆ ಹಾಕ್ಸಿ ಸಾರ್’ ಎನ್ನುವ ಹಳೇ ಮೆಕ್ಯಾನಿಕ್ ಬರೀ ದುಡ್ಡಿನಾಸೆಗೆ ಹೇಳುತ್ತಿಲ್ಲ.

ನನ್ನ ಪದ್ಧತಿ ಇಷ್ಟು. ಹೆದ್ದಾರಿಯೇ ಹೆಚ್ಚಿದ್ದರೆ ಪುಸ್ತಕದ ಪೂರ್ತಿ ಅವಧಿ. ಊರೊಳಗಿನ ಓಡಾಟವೇ ಹೆಚ್ಚಿದ್ದು ಸಿಂಥೆಟಿಕ್ ಆಯಿಲ್ ಇದ್ದರೆ ಏಳೂವರೆ ಸಾವಿರ. ಟರ್ಬೊ ಇಂಜಿನ್ ಆಗಿ ಊರೊಳಗೇ ಓಡಿದರೆ ಐದು ಸಾವಿರ, ಚೌಕಾಸಿ ಇಲ್ಲ.

4. ಮಗುವನ್ನು ಶಾಲೆಗೆ ಬಿಡುವ ಓಟವೇ ಕೆಟ್ಟ ಓಟ

ಎರಡು ಕಿ.ಮೀ. ಹೋಗಿ ಎರಡು ಕಿ.ಮೀ. ಬಂದರೆ ಆಯಿಲ್ ಪೂರ್ತಿ ಬಿಸಿಯೇ ಆಗುವುದಿಲ್ಲ. ಅದರೊಳಗಿನ ನೀರಿನಂಶ, ಪೆಟ್ರೋಲ್ ಆವಿಯಾಗಲು ಅವಕಾಶ ಸಿಗುವುದಿಲ್ಲ. ಮಡಿಕೇರಿಯ ಮಳೆಗಾಲದಲ್ಲಿ ಹೀಗೆ ಓಡಿಸಿದರೆ ಮುಚ್ಚಳದಡಿ ಹಳದಿ ಕೆನೆಯಂಥದ್ದು ಕಾಣಿಸಬಹುದು. ವಾರಕ್ಕೊಮ್ಮೆ ಅರ್ಧ ಗಂಟೆ ಒಂದೇ ಸಮನೆ ಓಡಿಸಿ ಬನ್ನಿ.

ಬಿಎಸ್-6 ಡೀಸೆಲ್ ಕಾರಿನವರಿಗೆ ಇದು ಇನ್ನೂ ಮುಖ್ಯ. 2020ರ ಏಪ್ರಿಲ್ 1ರಿಂದ ಬಂದ ಆ ಹೊಗೆ ನಿಯಮದ ನಂತರ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಇದೆ. ಅಲ್ಲಿ ತುಂಬಿದ ಮಸಿಯನ್ನು ಸುಡಲು ಹಲವು ಇಂಜಿನ್‌ಗಳು ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಆ ಕೆಲಸ ಮುಗಿಯುವ ಮೊದಲೇ ನೀವು ಆಫ್ ಮಾಡುತ್ತಾ ಹೋದರೆ ಸ್ವಲ್ಪ ಡೀಸೆಲ್ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಆಯಿಲ್ ಕಡಿಮೆಯಾಗುವ ಬದಲು ಹೆಚ್ಚಾಗಿದ್ದರೆ ಸಂತೋಷಪಡಬೇಡಿ, ಗ್ಯಾರೇಜಿಗೆ ಒಯ್ಯಿರಿ.

5. ಡಿಪ್‌ಸ್ಟಿಕ್ ಓದಲು ಕಲಿಯಿರಿ

ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ. ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ, ಮೇಲಿನ ಆಯಿಲ್ ಕೆಳಗಿಳಿಯಲಿ. ಹಳದಿ ಅಥವಾ ಕಿತ್ತಳೆ ಹಿಡಿಯ ಕಡ್ಡಿಯನ್ನು ಎಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ಹಳೇ ಬನಿಯನ್ ತುಂಡು ಸಾಕು. ಮತ್ತೆ ಪೂರ್ತಿ ಒಳಗಿಳಿಸಿ, ಎಳೆದು ನೋಡಿ. ಮೊದಲ ಎಳೆತದ ಓದು ಲೆಕ್ಕಕ್ಕಿಲ್ಲ. ಕೆಳಗಿನ ಗುರುತು ಕನಿಷ್ಠ, ಮೇಲಿನದು ಗರಿಷ್ಠ, ಎರಡರ ನಡುವೆ ಹೆಚ್ಚಿನ ಕಾರುಗಳಲ್ಲಿ ಒಂದು ಲೀಟರಿನ ಆಸುಪಾಸು. ನಡುವಿಗಿಂತ ಮೇಲಿದ್ದರೆ ನಿಶ್ಚಿಂತೆ. ಗರಿಷ್ಠ ದಾಟಿಸುವುದೂ ತಪ್ಪು: ಕ್ರ್ಯಾಂಕ್ ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತದೆ, ನೊರೆಯಿಂದ ಬೇರಿಂಗಿಗೆ ರಕ್ಷಣೆ ಇಲ್ಲ.

ತಿಂಗಳಿಗೊಮ್ಮೆ ಮತ್ತು ದೂರದ ಪ್ರಯಾಣಕ್ಕೆ ಮೊದಲು ಇದನ್ನು ಮಾಡಿ. ಎರಡು ಮೂರು ತಿಂಗಳಲ್ಲಿ ನಿಮ್ಮ ಇಂಜಿನ್ ಎಷ್ಟು ಆಯಿಲ್ ಕುಡಿಯುತ್ತದೆ ಎಂಬುದು ಗೊತ್ತಾಗುತ್ತದೆ.

6. ಬಣ್ಣ ನೋಡಿ ತೀರ್ಪು ಕೊಡಬೇಡಿ

ಕಪ್ಪಾದ ಮಾತ್ರಕ್ಕೆ ಆಯಿಲ್ ಕೆಟ್ಟಿಲ್ಲ. ಮಸಿ ಹೊತ್ತು ತೇಲಿಸುವುದೇ ಅದರ ಕೆಲಸ. ಡೀಸೆಲ್ ಇಂಜಿನ್‌ನಲ್ಲಂತೂ ಹೊಸ ಆಯಿಲ್ ಕೆಲವೇ ನೂರು ಕಿ.ಮೀ.ಗೆ ಕಪ್ಪಾಗುತ್ತದೆ. ಹೆದರಬೇಕಾದ ಬಣ್ಣ ಬೇರೆ. ಕಡ್ಡಿಯ ಮೇಲೆ ಹಾಲು ಹೆಚ್ಚಾದ ಕಾಫಿಯ ಬಣ್ಣ ಕಂಡು, ಕೂಲೆಂಟ್ ಕೂಡ ಇಳಿಯುತ್ತಿದ್ದರೆ ನೀರು ಆಯಿಲ್‌ಗೆ ಸೇರುತ್ತಿದೆ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಸ್ಟಾರ್ಟ್ ಮಾಡದೆ ಟೋ ಮಾಡಿಸಿ.

7. ‘ನಮ್ಮ ಬಿಸಿಲಿಗೆ ದಪ್ಪ ಆಯಿಲೇ ಬೇಕು’ ಎಂಬ ಮಾತಿಗೆ ತಲೆಯಾಡಿಸಬೇಡಿ

ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ 20ಡಬ್ಲ್ಯೂ-40 ಹಾಕಿ ಬೆಳೆದವರ ಮಾತಿದು. ಆ ಇಂಜಿನ್‌ಗಳ ಸಂದುಗಳು ಅಗಲ, ಅವಕ್ಕೆ ಅದು ಸರಿ. ಡಬ್ಬಿಯ ಮೇಲಿನ 5ಡಬ್ಲ್ಯೂ-30ರಲ್ಲಿ ಡಬ್ಲ್ಯೂ ಎಂದರೆ ವಿಂಟರ್. ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದಕ್ಕೆ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ದಪ್ಪಕ್ಕೆ. ‘ನಮ್ಮಲ್ಲಿ ಹಿಮ ಬೀಳುವುದಿಲ್ಲ, ಮೊದಲ ಅಂಕಿ ಯಾಕೆ?’ ಎಂದರೆ, ರಾತ್ರಿಯಿಡೀ ನಿಂತ ಇಂಜಿನ್‌ಗೆ ಕಲಬುರಗಿಯ ಬೆಳಗೂ ತಣ್ಣಗಿನದೇ. ಸ್ಟಾರ್ಟ್ ಆದ ಮೊದಲ ಕ್ಷಣಗಳಲ್ಲಿ ಆಯಿಲ್ ಮೇಲಿನ ಕ್ಯಾಮ್‌ಶಾಫ್ಟ್ ತಲುಪಲು ತಡವಾದಷ್ಟೂ ಸವೆತ.

ಇಂದಿನ ಹಲವು ಪೆಟ್ರೋಲ್ ಇಂಜಿನ್‌ಗಳಿಗೆ ಬೇಕಾದದ್ದು 0ಡಬ್ಲ್ಯೂ-20 ಅಥವಾ ಅದಕ್ಕೂ ತೆಳು 0ಡಬ್ಲ್ಯೂ-16. ಅವುಗಳ ವಾಲ್ವ್ ಟೈಮಿಂಗ್ ಬದಲಿಸುವ ವ್ಯವಸ್ಥೆ ನಡೆಯುವುದೂ ಆಯಿಲ್ ಒತ್ತಡದಿಂದಲೇ. ಅಲ್ಲಿಗೆ 20ಡಬ್ಲ್ಯೂ-50 ಸುರಿದರೆ ಗಂಟಲಿಗೆ ಮುದ್ದೆ ಸಿಕ್ಕಿದ ಹಾಗೆ.

ದಪ್ಪದ ಜೊತೆ ದರ್ಜೆಯನ್ನೂ ನೋಡಿ. ಪೆಟ್ರೋಲ್ ಆಯಿಲ್‌ಗೆ ಡಬ್ಬಿಯ ಮೇಲಿನ ಎಪಿಐ ಗುಣಮಟ್ಟದ ದರ್ಜೆಯ ಮೊದಲಕ್ಷರ ಎಸ್, ಡೀಸೆಲ್‌ಗೆ ಸಿ. 2020ರಲ್ಲಿ ಬಂದ ಎಸ್‌ಪಿ ದರ್ಜೆಯನ್ನು ಎಸ್‌ಎನ್ ಕೇಳುವ ಕಾರಿಗೂ ಹಾಕಬಹುದು, ತಿರುಗಾಮುರುಗಾ ಮಾಡುವಂತಿಲ್ಲ. ಡಿಪಿಎಫ್ ಇರುವ ಡೀಸೆಲ್‌ಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಬೇರೆ ಹಾಕಿದರೆ ಬೂದಿ ಫಿಲ್ಟರ್‌ನಲ್ಲಿ ಕೂತುಬಿಡುತ್ತದೆ, ಅದನ್ನು ಸುಟ್ಟು ತೆಗೆಯಲಾಗದು. ಬ್ರ್ಯಾಂಡ್ ಯಾವುದಾದರೂ ಇರಲಿ, ಗ್ರೇಡ್ ಮಾತ್ರ ಪುಸ್ತಕದಲ್ಲಿರುವುದೇ.

8. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳಬೇಡಿ

ಸರ್ವಿಸ್‌ಗೆ ಬಿಟ್ಟು ಸೋಫಾದಲ್ಲಿ ಕೂತು ಮೊಬೈಲ್ ನೋಡುವವರಿಗೆ ಈ ಗಾದೆಯೇ ಸಾಕು. ಸಣ್ಣ ಪೆಟ್ರೋಲ್ ಕಾರಿಗೆ ಸುಮಾರು 3ರಿಂದ 3.5 ಲೀಟರ್ ಹಿಡಿಯುತ್ತದೆ. ನಿಮ್ಮ ಕಾರಿನ ಲೆಕ್ಕ ಪುಸ್ತಕದಲ್ಲಿದೆ, ಅದನ್ನು ಬಿಲ್ಲಿನ ಜೊತೆ ಹೋಲಿಸಿ. ಹೊರಗಿನ ಗ್ಯಾರೇಜಾದರೆ ಸೀಲ್ ನಿಮ್ಮೆದುರೇ ಒಡೆಯಲಿ, ಖಾಲಿ ಡಬ್ಬಿಗೆ ಸ್ಕ್ರೂಡ್ರೈವರ್‌ನಿಂದ ತೂತು ಮಾಡಿ ಬನ್ನಿ. ಒಳ್ಳೆ ಕಂಪನಿಯ ಖಾಲಿ ಡಬ್ಬಿಗೆ ಕಳಪೆ ಆಯಿಲ್ ತುಂಬಿ ಮಾರುವ ದಂಧೆ ಹೊಸದೇನಲ್ಲ.

ಫಿಲ್ಟರ್ ಪ್ರತಿ ಸಲ ಬದಲಾಗಲಿ. ಹೊಸ ಆಯಿಲ್‌ಗೆ ಹಳೇ ಫಿಲ್ಟರ್ ಎಂದರೆ ಸ್ನಾನ ಮಾಡಿ ಅದೇ ಬೆವರಿನ ಅಂಗಿ ತೊಟ್ಟ ಹಾಗೆ. ಡ್ರೇನ್ ಬೋಲ್ಟಿನ ವಾಷರ್ ಕೂಡ ಹೊಸದಿರಲಿ. ಹತ್ತಿಪ್ಪತ್ತು ರೂಪಾಯಿಯ ಆ ಬಳೆಗೆ ಜಿಪುಣತನ ಮಾಡಿದ ಕಾರು ಮನೆಯ ಟೈಲ್ಸ್ ಮೇಲೆ ರಾತ್ರಿಯಿಡೀ ಚುಕ್ಕಿ ಇಡುತ್ತದೆ. ‘ಇಂಜಿನ್ ಫ್ಲಶ್ ಮಾಡ್ಸಿಬಿಡಿ’, ‘ಈ ಅಡಿಟಿವ್ ಹಾಕಿದ್ರೆ ಮೈಲೇಜ್ ಬರುತ್ತೆ’ ಎಂದರೆ ಪುಸ್ತಕದಲ್ಲಿ ಎಲ್ಲಿದೆ ತೋರಿಸಿ ಎನ್ನಿ. ಸಕಾಲಕ್ಕೆ ಆಯಿಲ್ ಬದಲಿಸಿದ ಇಂಜಿನ್‌ಗೆ ಎರಡೂ ಬೇಡ. ತೆಗೆದ ಹಳೇ ಆಯಿಲ್ ಅಧಿಕೃತ ಮರುಬಳಕೆಯವರಿಗೆ ಹೋಗುತ್ತದೆಯೇ ಎಂದೂ ಕೇಳಿ. 2016ರ ನಿಯಮದಡಿ ಅದು ಅಪಾಯಕಾರಿ ತ್ಯಾಜ್ಯ. ಬೇಲಿ ಗೂಟಕ್ಕೆ ಗೆದ್ದಲು ಹತ್ತದಿರಲಿ ಎಂದು ಬಳಿಯುವ ರೂಢಿ ಮಲೆನಾಡಿನಲ್ಲಿದೆ. ಮಳೆಗೆ ಅದು ತೊಳೆದು ಸೇರುವುದು ತೋಟದ ಬಾವಿಗೇ.

9. ಕೆಂಪು ಎಣ್ಣೆಗಿಂಡಿ ಹೊತ್ತಿದರೆ ಕೂಡಲೇ ನಿಲ್ಲಿಸಿ

ಡ್ಯಾಶ್‌ಬೋರ್ಡಿನ ಆ ದೀಪ ಹೆಚ್ಚಿನ ಕಾರುಗಳಲ್ಲಿ ಹೇಳುವುದು ಆಯಿಲ್ ಮಟ್ಟವನ್ನಲ್ಲ, ಒತ್ತಡವನ್ನು. ಓಡುವಾಗ ಅದು ಹೊತ್ತಿತೆಂದರೆ ಬೇರಿಂಗಿಗೆ ಆಯಿಲ್ ತಲುಪುತ್ತಿಲ್ಲ. ‘ಮುಂದಿನ ಬಂಕ್‌ವರೆಗೆ’ ಎಂದು ಎಳೆದರೆ ಇಂಜಿನ್ ಸೀಜ್ ಆಗಬಹುದು. ಪಕ್ಕಕ್ಕೆ ಹಾಕಿ, ಆಫ್ ಮಾಡಿ, ಫೋನ್ ತೆಗೆಯಿರಿ.

10. ಬರೆದಿಡಿ

ಗ್ಲೋವ್‌ಬಾಕ್ಸ್‌ನಲ್ಲಿ ಒಂದು ಪುಟ್ಟ ನೋಟ್‌ಬುಕ್ ಸಾಕು: ದಿನಾಂಕ, ಮೀಟರ್ ಅಂಕಿ, ಗ್ರೇಡ್, ಎಷ್ಟು ಲೀಟರ್, ಫಿಲ್ಟರ್ ಬದಲಾಯಿತೇ. ಬಿಲ್ಲನ್ನು ಅದೇ ಪುಟಕ್ಕೆ ಪಿನ್ ಮಾಡಿ, ವಾರಂಟಿಯ ಜಗಳ ಬಂದರೆ ಸಾಕ್ಷಿ ಅದೇ. ಮುಂದೆ ಕಾರು ಮಾರುವ ದಿನ ಕೀಲಿಯ ಜೊತೆ ಆ ನೋಟ್‌ಬುಕ್ಕನ್ನೂ ಕೊಳ್ಳುವವರ ಕೈಗಿಡಿ. ನನಗೆ ಕೀಲಿ ಮಾತ್ರ ಕೊಟ್ಟಿದ್ದರು.