ತುಂಡು ನೋಡಬೇಡಿ, ಕಟ್ಟು ಯಾವುದು ಕೇಳಿ

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ನೌಕರಿಗಿದ್ದಾನೆ. ಅವನ ಕಂಪನಿಯ ಸಾಹೇಬರು ಜಪಾನಿನವರು. ಈ ಸಲ ಎಲ್ಲರೂ ಕೂಡಿ ಜಪಾನಿ ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಮಾಡೋಣ ಅಂತಾನೆ. ನಮ್ಮತ್ತೆಯವರು ಲಿಂಗ ಕಟ್ಟಿಕೊಂಡವರು, ಮೊಟ್ಟೆಯನ್ನೂ ಮುಟ್ಟಿದವರಲ್ಲ. ‘ಅಲ್ಲಿ ಹಸಿ ಮೀನ ತಿಂತಾರಂತ, ನಾ ಬುತ್ತಿ ಕಟಗೊಂಡ ಬರ್ತೀನಿ’ ಅನ್ನುತ್ತಾರೆ. ಏನು ಮಾಡಲಿ?
— ಒಬ್ಬ ಗೃಹಿಣಿ, ಆಳಂದ

ಉತ್ತರ: ಅತ್ತೆಯವರ ನೇಮ ಕೆಡಬಾರದು, ಮಗನ ಆಸೆಯೂ ಮುರಿಯಬಾರದು, ಇದು ನಿಮ್ಮ ಚಿಂತೆ. ಎರಡನ್ನೂ ಉಳಿಸಿಕೊಳ್ಳಬಹುದು, ಗಾಬರಿ ಬೇಡ.

ಅತ್ತೆಯವರ ಹೆದರಿಕೆಯಲ್ಲಿ ಹುರುಳಿದೆ, ತಳ್ಳಿಹಾಕಬೇಡಿ. ಆದರೆ ಹಸಿ ಮೀನಿಗೆ ಅಷ್ಟು ಅಂಜಬೇಕಿಲ್ಲ. ಅದು ತಟ್ಟೆಯ ಮೇಲೆ ಕಣ್ಣಿಗೆ ಕಾಣುತ್ತದೆ, ಬೇಡ ಎಂದರೆ ಮುಗಿಯಿತು. ಕಾಣದೆ ಬರುವುದು ದಾಶಿ. ಹೋಳಿಗೆ ದಿನ ಬೇಳೆ ಬಸಿದ ಕಟ್ಟಿನಿಂದ ನೀವು ಸಾರು ಮಾಡುವುದಿಲ್ಲವೇ, ಹಾಗೆ ಜಪಾನಿ ಅಡುಗೆಗೂ ಒಂದು ಕಟ್ಟು ಇದೆ. ಅದೇ ದಾಶಿ. ಸಾಮಾನ್ಯವಾಗಿ ಅದನ್ನು ಕೊಂಬು (ಒಣಗಿಸಿದ ಕಡಲ ಪಾಚಿ) ಮತ್ತು ಕಾತ್ಸುಓಬುಶಿ (ಬೇಯಿಸಿ, ಹೊಗೆ ಹಾಕಿ ಒಣಗಿಸಿದ ಮೀನಿನ ತೆಳು ಹೆರಕಲು) ನೀರಿಗೆ ಹಾಕಿ, ಸಾರ ಇಳಿಸಿ, ಸೋಸಿ ತೆಗೆಯುತ್ತಾರೆ. ಮಿಸೊ ಸಾರು, ಉಡಾನ್ (ಗೋಧಿಯ ದಪ್ಪ ಶಾವಿಗೆ) ಮುಳುಗಿರುವ ನೀರು, ಕರಿದದ್ದನ್ನು ಅದ್ದಿ ತಿನ್ನುವ ಬಟ್ಟಲಿನ ರಸ, ಎಲ್ಲದರಲ್ಲೂ ಇದು ಇರುತ್ತದೆ.

ನಾನೂ ಒಮ್ಮೆ ಮೋಸಹೋಗಿದ್ದೇನೆ. ‘ವೆಜ್ಜಾ?’ ಎಂದು ಕೇಳಿದೆ. ಬಡಿಸುವ ಹುಡುಗ ‘ಹೌದು ಮೇಡಂ’ ಎಂದ. ಬಟ್ಟಲಲ್ಲಿ ತೇಲುತ್ತಿದ್ದದ್ದು ತೋಫು (ಸೋಯಾ ಹಾಲಿನ ಪನೀರು), ನಾಲ್ಕು ಎಳೆ ಈರುಳ್ಳಿ ಸೊಪ್ಪು. ಅವನು ಹೇಳಿದ್ದು ತೇಲುವುದರ ಬಗ್ಗೆ, ನಾನು ಕುಡಿದದ್ದು ನೀರನ್ನು. ಹಾಗಾಗಿ ‘ವೆಜ್ಜಾ?’ ಎಂದು ಕೇಳಬೇಡಿ, ‘ಸಾರಿನ ನೀರಿಗೆ ಮೀನು ಹಾಕಿದ್ದೀರಾ?’ ಎಂದು ಕೇಳಿ. ಮಗ ಹಿಂದಿನ ದಿನವೇ ಫೋನ್ ಮಾಡಿ ‘ಶೋಜಿನ್’ ಎಂದರೆ ಅಲ್ಲಿನ ಅಡುಗೆಯವರಿಗೆ ವಿಷಯ ತಿಳಿಯುತ್ತದೆ. ಅದು ಬೌದ್ಧ ಮಠಗಳ ಸಸ್ಯಾಹಾರಿ ಅಡುಗೆ. ಅದರ ದಾಶಿಗೆ ಕಡಲ ಪಾಚಿ, ಒಣ ಅಣಬೆ ಸಾಕು.

ಅತ್ತೆಯವರಿಗೆ ಇದನ್ನೂ ಹೇಳಿ: 675ರಲ್ಲಿ ಜಪಾನಿನ ಚಕ್ರವರ್ತಿ ತೆಮ್ಮು ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ನಿಷೇಧಿಸಿದ್ದ. ಅಲ್ಲಿನ ಚಕ್ರವರ್ತಿ ದನದ ಮಾಂಸ ತಿಂದ ಸುದ್ದಿ ಬಹಿರಂಗವಾದದ್ದು 1872ರಲ್ಲಿ. ಆದರೆ ಮೀನಿಗೆ ಆ ನಿಷೇಧ ತಟ್ಟಲಿಲ್ಲ, ನಮ್ಮ ತೊಡಕೆಲ್ಲ ಅದರಿಂದಲೇ!

ತಿನ್ನಲು ಏನಿದೆ? ಎಡಮಾಮೆ ತರಿಸಿ. ಎಳೆ ಸೋಯಾ ಕಾಯಿಯನ್ನು ಉಪ್ಪು ಹಾಕಿ ಬೇಯಿಸಿದ್ದು. ಹಸಿ ತೊಗರಿಕಾಯಿ ಕುದಿಸಿ ಸುಲಿದು ತಿಂದ ಆಳಂದದವರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಸೌತೆಕಾಯಿ ಸುತ್ತಿದ ಸುಶಿಯೂ ಆಗುತ್ತದೆ. ಸುಶಿ ಎಂದರೆ ಹಸಿ ಮೀನಲ್ಲ, ಹುಳಿ ಕಲಸಿದ ಅನ್ನ. ತರಕಾರಿ ತೆಂಪುರಾ ನಮ್ಮ ಭಜಿಯ ಬಳಗದ್ದೇ, ಆದರೆ ಹಿಟ್ಟಿಗೆ ಮೊಟ್ಟೆ ಒಡೆಯುವುದುಂಟು, ಸಿಗಡಿ ಕರಿದ ಎಣ್ಣೆಯಲ್ಲೇ ಕರಿಯುವುದುಂಟು. ಎರಡನ್ನೂ ಕೇಳಿಕೊಳ್ಳಿ. ಇಷ್ಟಾದರೂ ಅತ್ತೆಯವರಿಗೆ ಮನಸ್ಸು ಒಪ್ಪದಿದ್ದರೆ ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ ಚೀಲದಲ್ಲಿರಲಿ. ಹಿರಿಯರಿಗೆಂದು ಮೊದಲೇ ಕೇಳಿದರೆ ಹೋಟೆಲಿನವರು ಒಪ್ಪಬಹುದು.

ಪ್ರಶ್ನೆ: ಅಪ್ಪನಿಗೆ 71 ವರ್ಷ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಹಲ್ಲಿನ ಸೆಟ್ ಹಾಕುತ್ತಾರೆ. ಸಿಹಿ ಎಂದರೆ ಪ್ರಾಣ. ಪುಣೆಯಲ್ಲಿರುವ ಮೊಮ್ಮಗಳು ‘ಅಜ್ಜಾಗ ಮೋಚಿ ತಿನ್ನಸ್ತೀನಿ’ ಎಂದು ಕೂತಿದ್ದಾಳೆ. ಕೊಡಬಹುದೇ?
— ಒಬ್ಬ ಮಗ, ಅಫಜಲಪುರ

ಉತ್ತರ: ಸಕ್ಕರೆ ಏರೀತು ಎಂಬ ಭಯ ನಿಮ್ಮದು. ಒಂದು ದಿನದ ಒಂದು ತುತ್ತು ಸಿಹಿಯಿಂದ ಅನಾಹುತವಾಗದು, ಸಮಾಧಾನವಾಗಿರಿ. ನನಗೆ ಸಕ್ಕರೆಗಿಂತ ಹೆಚ್ಚಿನ ಕಾಳಜಿ ಆ ಹಲ್ಲಿನ ಸೆಟ್ಟಿನದು.

ಮೋಚಿ ಎಂದರೆ ಅಂಟಕ್ಕಿಯನ್ನು ಬೇಯಿಸಿ ಕುಟ್ಟಿ ಮಾಡಿದ ಮುದ್ದೆ. ಹಿಡಿದು ಎಳೆದರೆ ರಬ್ಬರಿನಂತೆ ಉದ್ದವಾಗುತ್ತದೆ, ತುಟಿಗೆ, ಅಂಗುಳಿಗೆ ಅಂಟುತ್ತದೆ. ಜಪಾನಿನಲ್ಲಿ ಪ್ರತಿ ಹೊಸ ವರ್ಷಕ್ಕೂ ಇದು ಗಂಟಲಿಗೆ ಸಿಕ್ಕಿ ವೃದ್ಧರು ಆಸ್ಪತ್ರೆ ಸೇರುತ್ತಾರೆ, ಸಾವುಗಳೂ ಆಗಿವೆ. ‘ಸಣ್ಣಗೆ ಕತ್ತರಿಸಿ, ಅಗಿದು ತಿನ್ನಿ’ ಎಂದು ಅಲ್ಲಿನ ಅಗ್ನಿಶಾಮಕ ದಳವೇ ಎಚ್ಚರಿಸುತ್ತದೆ. ಅಪ್ಪನಿಗೆ ಮೋಚಿ ಬೇಡ ಎಂಬುದೇ ನನ್ನ ಸಲಹೆ.

ಅದರ ಒಳಗಿನ ಹೂರಣ ಕೊಡಿ. ಅದರ ಹೆಸರು ಅಂಕೊ. ಅಜುಕಿ ಎಂಬ ಕೆಂಪು ಕಾಳನ್ನು ಬೇಯಿಸಿ, ಸಕ್ಕರೆ ಹಾಕಿ ಮಗುಚಿದ್ದು. ಬಾಯಿಗಿಟ್ಟರೆ ಅವರಿಗೆ ಹೋಳಿಗೆಯ ನೆನಪಾಗದೆ ಇರದು. ಕಾಳು ಎಂದು ಮೈಮರೆಯಬೇಡಿ, ಸಕ್ಕರೆ ಧಾರಾಳವಾಗಿರುತ್ತದೆ. ಮೊಮ್ಮಗಳ ಬಟ್ಟಲಿನಿಂದ ಎರಡು ಚಮಚ ಸಾಕು. ಆ ದಿನ ಅನ್ನ ಅಷ್ಟು ಕಡಿಮೆಯಿರಲಿ, ಜಪಾನಿ ಹೋಟೆಲಿನಲ್ಲೇ ಉಣ್ಣುವುದಾದರೆ ಸುಶಿಯ ಅನ್ನಕ್ಕೂ ಸಕ್ಕರೆ ಕಲಸಿರುತ್ತಾರೆ.

ಸಿಹಿ ತಿನ್ನುತ್ತಾರೆಂದು ಬೆಳಿಗ್ಗೆ ಉಪವಾಸ ಮಾಡಿಸಬೇಡಿ. ಮಾತ್ರೆ ನುಂಗಿ ಊಟ ತಡವಾದರೆ ಸಕ್ಕರೆ ಪಾತಾಳಕ್ಕಿಳಿಯಬಹುದು, ಏರುವುದಕ್ಕಿಂತ ಅದು ಅಪಾಯ. ಇನ್ನು ಬಿಪಿ: ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲಿ ಎರಡು ಗ್ರಾಂ ಮೀರಿ ಉಪ್ಪಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿ ಐದು ಗ್ರಾಂಗಿಂತ ಕಡಿಮೆ. ಸಾಸಿನ ಬಟ್ಟಲು ಅಪ್ಪನ ಕೈಗೆ ದೂರವಿರಲಿ.

ಪ್ರಶ್ನೆ: ತಂಗಿ ಐದು ತಿಂಗಳ ಬಸುರಿ, ಬೆಂಗಳೂರಿನಲ್ಲಿದ್ದಾಳೆ. ಹೋದ ವಾರ ಊಟಕ್ಕೆ ಹೋದಾಗ ಎರಡು ತುಂಡು ಹಸಿ ಮೀನು ತಿಂದಳಂತೆ. ಈಗ ಅಳುತ್ತಿದ್ದಾಳೆ. ಅವ್ವನಿಗೆ ಹೇಳಿಲ್ಲ.
— ಒಬ್ಬ ಅಕ್ಕ, ಜೇವರ್ಗಿ

ಉತ್ತರ: ಎರಡು ತುಂಡಿನಿಂದ ಮಗುವಿಗೆ ಏನೋ ಆಗಿಯೇಬಿಟ್ಟಿತು ಎಂದುಕೊಳ್ಳಬೇಡಿ. ಬಹುಪಾಲು ಸಂದರ್ಭಗಳಲ್ಲಿ ಏನೂ ಆಗುವುದಿಲ್ಲ. ಆದರೂ ಬಸುರಿಯರಿಗೆ ಹಸಿ ಮೀನು ಬೇಡ ಎನ್ನುವುದು ಸುಮ್ಮನೆ ಅಲ್ಲ. ಮೀನನ್ನು ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಟ್ಟರೆ ಅದರೊಳಗಿನ ಹುಳು ಸಾಯುತ್ತವೆ, ಆದರೆ ಲಿಸ್ಟೀರಿಯಾ (ಗರ್ಭಕ್ಕೆ ತೊಂದರೆ ಕೊಡಬಲ್ಲ ಬ್ಯಾಕ್ಟೀರಿಯಾ) ತಂಪಿನಲ್ಲೂ ಬದುಕುತ್ತದೆ. ಅದರ ಲಕ್ಷಣ ಕಾಣಲು ಕೆಲವೊಮ್ಮೆ ಎರಡು ತಿಂಗಳೂ ಹಿಡಿಯಬಹುದು. ಅಷ್ಟರೊಳಗೆ ಜ್ವರ, ಮೈಕೈ ನೋವು ಬಂದರೆ, ಮಗುವಿನ ಅಲುಗಾಟ ಕಡಿಮೆ ಅನಿಸಿದರೆ ಕಾಯದೆ ವೈದ್ಯರ ಬಳಿ ಹೋಗಿ ‘ಹಸಿ ಮೀನು ತಿಂದಿದ್ದೆ’ ಎಂದೇ ಹೇಳಲಿ. ಮನೆಮದ್ದು, ಭೇದಿ ಔಷಧ ಏನೂ ಬೇಡ. ಬಿಸಿಬಿಸಿ ಉಡಾನ್, ಪೂರ್ತಿ ಬೆಂದ ಮೀನು ಈಗಲೂ ತಿನ್ನಬಹುದು.

ಇವತ್ತು ಸಂಜೆ ಅವಳಿಗೆ ಫೋನ್ ಮಾಡಿ. ಬೈಯಬೇಡಿ. ಮುಂದಿನ ತಪಾಸಣೆ ಯಾವ ದಿನ ಎಂದು ಕೇಳಿ, ಅವ್ವನಿಗೂ ನೀವೇ ತಿಳಿಸಿ.