ಅಲಾರಾಂ ಬೇಡ, ಬಸ್ಸು ಬರಲಿ

ಪಿಯು, ಡಿಗ್ರಿ ಕಾಲೇಜಿನ ಹುಡುಗ ಹುಡುಗಿಯರು ತಾವೇ ಸಿನಿಮಾ ಮಾಡುವ ಶಿಬಿರಗಳಿಗೆ ನಾನು ಆಗಾಗ ಹೋಗುತ್ತಿರುತ್ತೇನೆ. ವೃತ್ತಿಯಿಂದ ಸಂಕಲನಕಾರ. ಸಿನಿಮಾ ಎಲ್ಲಿ ಶುರುವಾಗಿದೆ, ಎಲ್ಲಿ ಶುರುವಾಗಬೇಕಿತ್ತು ಎಂಬ ಜಗಳ ನನಗೆ ದಿನನಿತ್ಯದ್ದು. ಹದಿನೇಳರ ವಯಸ್ಸಿನವರು ಹದಿನೇಳರ ವಯಸ್ಸಿನ ಬಗ್ಗೆಯೇ ಮಾಡುವ ಹದಿನೈದಿಪ್ಪತ್ತು ನಿಮಿಷದ ಚಿತ್ರಕ್ಕೆ ಮೊದಲ ಎರಡು ನಿಮಿಷವನ್ನು ಹೇಗೆ ಯೋಚಿಸಬೇಕು ಅಂತ ಅಲ್ಲಿ ಹೇಳುತ್ತ ಬಂದಿರುವುದನ್ನೇ ಇಲ್ಲಿ ಬರೆದಿದ್ದೇನೆ. ಇದೆಲ್ಲ ಮೊಬೈಲಿನಲ್ಲಿ ಶೂಟ್ ಮಾಡುವವರಿಗೆ, ಕೈಯಲ್ಲಿ ದುಡ್ಡಿಲ್ಲದವರಿಗೆ.

1. ಪರಿಚಯ ಮಾಡಿಸಬೇಡಿ, ಕೆಲಸ ಹಚ್ಚಿ

ಯಾವ ಊರಿನ ತಂಡವಾದರೂ ಸರಿ, ಮೊದಲು ಬರೆದುಕೊಂಡು ಬರುವುದು ಒಂದೇ ಥರ. ಅಲಾರಾಂ ಹೊಡೆಯುತ್ತದೆ. ಹೊದಿಕೆಯೊಳಗಿಂದ ಒಂದು ಕೈ ಬಂದು ಅದರ ಬಾಯಿ ಮುಚ್ಚಿಸುತ್ತದೆ. ಬ್ರಷ್ಷು, ಕನ್ನಡಿ, ಬಾಚಣಿಗೆ, ಅಡುಗೆಮನೆಯಿಂದ ಅಮ್ಮನ ಕೂಗು. ಹಿನ್ನೆಲೆಯಲ್ಲಿ, ‘ಹಾಯ್, ನಾನು ಇಂಥವನು, ಇವರು ನನ್ನ ಫ್ರೆಂಡ್ಸ್.’

ನಾನು ಕೇಳುವುದು ಇಷ್ಟೇ: ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಅಲಾರಾಂ ಗಡಿಯಾರ ಇದೆ? ಯಾರೂ ಕೈ ಎತ್ತುವುದಿಲ್ಲ. ಮತ್ತೆ ಏಳುವುದು ಹೇಗೆ? ‘ಅಮ್ಮ ಫ್ಯಾನ್ ಆಫ್ ಮಾಡ್ತಾಳೆ ಸರ್’ ಅನ್ನುತ್ತಾಳೆ ಒಬ್ಬಳು. ಇಡೀ ಕ್ಲಾಸು ನಗುತ್ತದೆ, ಎಲ್ಲರ ಮನೆಯಲ್ಲೂ ಅದೇ. ಅಲಾರಾಂ ಬಂದದ್ದು ಬೇರೆ ಸಿನಿಮಾಗಳಿಂದ, ಫ್ಯಾನ್ ಬಂದದ್ದು ಅವರ ಮನೆಯಿಂದ.

ಫ್ಯಾನ್ ಹಾಕಿದ ಮಾತ್ರಕ್ಕೂ ಆರಂಭ ಸಿಕ್ಕಿತು ಅಂತಲ್ಲ. ಏಳುವುದು, ಹಲ್ಲುಜ್ಜುವುದು ಎಲ್ಲರೂ ಮಾಡುವ ಕೆಲಸ. ಅದರಿಂದ ಇವಳು ಯಾರು ಅಂತ ಗೊತ್ತಾಗುವುದಿಲ್ಲ. ಇವಳು ಮಾತ್ರ ಮಾಡಬೇಕಾದ, ಇವತ್ತೇ ಮಾಡಬೇಕಾದ, ಸ್ವಲ್ಪ ತಪ್ಪಿದರೂ ಸಿಕ್ಕಿಬೀಳುವ ಒಂದು ಕೆಲಸ ಬೇಕು. ಹೆಸರು, ಮನೆ, ಗೆಳೆಯರೆಲ್ಲ ಆ ಕೆಲಸದ ಬೆನ್ನಿಗೇ ಬರುತ್ತಾರೆ.

2. ಒಂದು ವಸ್ತು, ಒಂದು ಗಡುವು

ಮಲೆನಾಡಿನ ಒಂದು ಕಾಲೇಜಿನ ತಂಡದ ಕಥೆ ಹೀಗಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಅಂಕ ತೆಗೆದ ಹುಡುಗಿಯನ್ನು ಅಪ್ಪ ಸೈನ್ಸಿಗೆ ಸೇರಿಸಿದ್ದಾನೆ. ಅವಳು ದೊಡ್ಡಮ್ಮನ ಮಗನಿಂದ ಸಹಿ ಹಾಕಿಸಿಕೊಂಡು ಗುಟ್ಟಾಗಿ ಆರ್ಟ್ಸಿಗೆ ಬದಲಿಸಿಕೊಂಡಿದ್ದಾಳೆ. ಮನೆಗೆ ಗೊತ್ತಿಲ್ಲ. ಮೊದಲ ಕರಡಿನಲ್ಲಿ ಇದೆಲ್ಲ ಒಂದೂವರೆ ನಿಮಿಷದ ವಾಯ್ಸ್ ಓವರ್‌ನಲ್ಲಿತ್ತು. ವಾಯ್ಸ್ ಓವರ್ ಕಿತ್ತುಹಾಕಿ, ಈ ಗುಟ್ಟಿನಿಂದಾಗಿ ಅವಳು ದಿನಾ ಏನೇನು ಮಾಡಬೇಕಾಗುತ್ತದೆ ಪಟ್ಟಿ ಮಾಡಿ ಅಂದೆ. ಮೂಲೆಯಲ್ಲಿ ಕೂತಿದ್ದವನೊಬ್ಬ, ‘ಪುಸ್ತಕದ ಬೈಂಡ್ ಬದಲಿಸಬೇಕಾಗುತ್ತೆ ಸರ್’ ಅಂದ. ಸಿನಿಮಾ ಅಲ್ಲೇ ಶುರುವಾಯಿತು.

ಸಂಜೆಯ ಬಸ್ಸು. ತೊಡೆಯ ಮೇಲೆ ಬ್ಯಾಗು, ಅದರ ಮರೆಯಲ್ಲಿ ಇತಿಹಾಸದ ಪುಸ್ತಕ. ಬೆರಳುಗಳು ಅದಕ್ಕೆ ಖಾಕಿ ಬೈಂಡು ತೊಡಿಸುತ್ತಿವೆ. ಲೇಬಲ್ಲಿನ ಮೇಲೆ ಬರೆದಿರುವುದು ‘ಭೌತಶಾಸ್ತ್ರ’. ಕಂಡಕ್ಟರ್ ಬರುತ್ತಾನೆ. ಪುಸ್ತಕ ಬ್ಯಾಗಿನ ಅಡಿಗೆ ಹೋಗುತ್ತದೆ, ಕನ್ಸೆಶನ್‌ಗೆ ಐಡಿ ಕಾರ್ಡು ಮೇಲೆ ಬರುತ್ತದೆ. ಅವಳ ಹೆಸರು, ಕಾಲೇಜು, ಊರು ಎಲ್ಲ ಆ ಕಾರ್ಡಿನಲ್ಲೇ ಇವೆ, ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಬಸ್ಸು ಕುಲುಕುತ್ತಿದೆ, ಬೈಂಡಿನ ಒಂದು ಮಡಿಕೆ ಕೂರುತ್ತಿಲ್ಲ. ಪಕ್ಕದ ಸೀಟಿನ ಅಜ್ಜಿ ಏನೂ ಕೇಳದೆ ಆ ಮಡಿಕೆಯ ಮೇಲೆ ಬೆರಳೊತ್ತಿ ಹಿಡಿಯುತ್ತಾಳೆ. ಸ್ಟಾಪಿನಲ್ಲಿ ಟಿವಿಎಸ್ ನಿಲ್ಲಿಸಿಕೊಂಡು ಅಪ್ಪ ಕಾಯುತ್ತಿದ್ದಾನೆ. ಅವಳ ಬ್ಯಾಗು ತೆಗೆದುಕೊಂಡು, ‘ಕೊನೇ ಪೀರಿಯಡ್ ಯಾವ್ದಿತ್ತು?’ ಅನ್ನುತ್ತಾನೆ. ‘ಫಿಸಿಕ್ಸು.’ ಶೀರ್ಷಿಕೆ.

ಇಡೀ ಎರಡು ನಿಮಿಷಕ್ಕೆ ಕಥೆಗೆ ಬೇಕಾದ ಮಾತು ಇಷ್ಟೇ. ಬೈಂಡನ್ನು ಬೆಳಗ್ಗೆ ಬಿಚ್ಚುವುದು ತೋರಿಸೋಣವೇ, ಸಂಜೆ ಹಾಕುವುದು ತೋರಿಸೋಣವೇ ಎಂದು ತಂಡದಲ್ಲಿ ದೊಡ್ಡ ವಾದವಾಯಿತು. ಬೆಳಗ್ಗೆಯಾದರೆ ಒಳಗಿಂದ ಬೇರೆ ಪುಸ್ತಕ ಹೊರಬರುವ ಚಮತ್ಕಾರ ಸಿಗುತ್ತದೆ, ನಿಜ. ಆದರೆ ಸಂಜೆಗೆ ಗಡುವು ಇದೆ, ಊರಿನ ಸ್ಟಾಪ್ ಬರುವುದರೊಳಗೆ ಮುಗಿಯಬೇಕು. ಚಮತ್ಕಾರ ಮತ್ತು ಗಡುವು ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ನನ್ನ ಓಟು ಯಾವಾಗಲೂ ಗಡುವಿಗೆ.

3. ಬೇರೆಯವರ ಸಿನಿಮಾ ನೋಡುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳಿ

‘ಸ್ಫೂರ್ತಿಗಾಗಿ’ ಸಿನಿಮಾ ನೋಡಲು ಹೇಳಿದರೆ ಹುಡುಗರು ಸ್ಲೋ ಮೋಷನ್ ಹೊತ್ತುಕೊಂಡು ಬರುತ್ತಾರೆ. ಅದಕ್ಕೇ ಪ್ರಶ್ನೆ ಕೊಟ್ಟು ಕಳಿಸಬೇಕು: ಮೊದಲ ಕೆಲವು ನಿಮಿಷದಲ್ಲಿ ನಿಮಗೆ ಏನೇನು ಗೊತ್ತಾಯಿತು, ಯಾವುದರಿಂದ ಗೊತ್ತಾಯಿತು?

ಜಾನ್ ಹ್ಯೂಸ್ 1985ರಲ್ಲಿ ಮಾಡಿದ ಅಮೆರಿಕದ ‘ದಿ ಬ್ರೇಕ್‌ಫಾಸ್ಟ್ ಕ್ಲಬ್’ ಇದಕ್ಕೆ ಒಳ್ಳೆ ಪಾಠ. ಶನಿವಾರ ಶಿಕ್ಷೆಗೆಂದು ಶಾಲೆಗೆ ಬರಬೇಕಾದ ಐವರು. ಅದರಲ್ಲೂ ಹಿನ್ನೆಲೆ ದನಿ ಇದೆ, ಖಾಲಿ ಶಾಲೆಯ ಚಿತ್ರಗಳಿವೆ. ಆದರೆ ಅವರು ಯಾರೆಂದು ತಿಳಿಯುವುದು ಕಾರುಗಳಿಂದ. ಶ್ರೀಮಂತರ ಹುಡುಗಿ ಬಿಎಂಡಬ್ಲ್ಯೂನಲ್ಲಿ ಅಪ್ಪನ ಪಕ್ಕ ಕೂತಿದ್ದಾಳೆ. ಓದುವ ಹುಡುಗನಿಗೆ ಇಳಿಯುವಾಗಲೂ ಅಮ್ಮನ ಉಪದೇಶ ತಪ್ಪಿಲ್ಲ. ಕುಸ್ತಿ ಆಡುವವನಿಗೆ ಅಪ್ಪನ ಒತ್ತಾಯ. ಒಬ್ಬಳು ಇಳಿದು ಏನೋ ಹೇಳಲು ಬಗ್ಗುವಷ್ಟರಲ್ಲಿ ಕಾರು ಹೊರಟೇ ಹೋಗುತ್ತದೆ. ಇನ್ನೊಬ್ಬನನ್ನು ಬಿಡಲು ಯಾರೂ ಇಲ್ಲ, ನಡೆದೇ ಬರುತ್ತಾನೆ. ಶಾಲೆಯ ಮುಂದಿನ ಒಂದೇ ಜಾಗ, ಐದು ಮನೆಗಳ ಒಳಗು. ನಮ್ಮ ಊರಿನಲ್ಲಿ ಇದೇ ಕೆಲಸವನ್ನು ಟಿವಿಎಸ್, ಆಟೊ, ಬಸ್ಸು, ಸೈಕಲ್ಲು ಮಾಡಬಲ್ಲವು. ನಕಲು ಹೊಡೆಯಿರಿ ಅನ್ನುತ್ತಿಲ್ಲ. ಯಾವುದು ಏನನ್ನು ಹೇಳಿತು ಅಂತ ಬಿಡಿಸಿ ನೋಡಿ.

ಫ್ರೆಂಚ್ ನಿರ್ದೇಶಕ ತ್ರುಫೊನ ‘ದಿ 400 ಬ್ಲೋಸ್’ (1959) ಶೀರ್ಷಿಕೆಗಳ ಹೊತ್ತಿಗೆ ಪ್ಯಾರಿಸ್ಸಿನ ಬೀದಿಗಳಲ್ಲಿ ಸುತ್ತುತ್ತ ದೂರದ ಐಫೆಲ್ ಗೋಪುರವನ್ನು ತೋರಿಸಿ, ನೇರ ತರಗತಿಗೆ ನುಗ್ಗುತ್ತದೆ. ಒಂದು ಹೆಣ್ಣಿನ ಚಿತ್ರ ಬೆಂಚಿನಿಂದ ಬೆಂಚಿಗೆ ದಾಟುತ್ತಿದೆ. ಮೇಷ್ಟರ ಕೈಗೆ ಸಿಕ್ಕಿಬೀಳುವವನು ಕಥಾನಾಯಕ ಅಂತ್ವಾನ್. ತಪ್ಪು ಎಲ್ಲರದ್ದು, ಶಿಕ್ಷೆ ಒಬ್ಬನಿಗೆ. ಮುಂದಿನ ಕಥೆಯೆಲ್ಲ ಅದರಲ್ಲೇ ಇದೆ. ಮರಾಠಿಯ ‘ಸೈರಾಟ್’ (2016) ಹಳ್ಳಿಯ ಕ್ರಿಕೆಟ್ ಪಂದ್ಯದಿಂದ ಶುರುವಾಗುತ್ತದೆ. ಮೈಕಿನ ಕಾಮೆಂಟರಿಯಲ್ಲೇ ಊರು, ಊರಿನ ದೊಡ್ಡವರು, ನಾಯಕ ಎಲ್ಲರೂ ಬಂದುಹೋಗುತ್ತಾರೆ. ಹೇಳಲೇಬೇಕಾದ ಮಾಹಿತಿ ಇದ್ದರೆ, ಅದನ್ನು ಹೇಳುವುದೇ ಕಸುಬಾಗಿರುವವನ ಬಾಯಲ್ಲಿ ಹೇಳಿಸಿ. ಮೈಕ್ ಹಿಡಿದವನು, ಹಾಜರಿ ಕೂಗುವ ಮೇಡಂ, ಕಂಡಕ್ಟರ್ ಇಂಥವರು.

ಕನ್ನಡದಲ್ಲಿ ತೇಜಸ್ವಿಯವರ ಕಥೆಯಿಂದ ಮಾಡಿದ ‘ಡೇರ್‌ಡೆವಿಲ್ ಮುಸ್ತಫಾ’ (2023) ಕಾಲೇಜಿಗೆ ಹೊಸಬನೊಬ್ಬ ಬರುವ ಕಥೆ. ಹೊಸಬ ಬಂದರೆ ನಮಗೆ ಗೊತ್ತಿಲ್ಲದ್ದು ಅವನಿಗೂ ಗೊತ್ತಿರುವುದಿಲ್ಲ, ಅವನ ಜೊತೆ ನಾವೂ ಕಲಿಯುತ್ತೇವೆ. ಕಥೆ ಕಟ್ಟಲು ಪರದಾಡುತ್ತಿರುವ ತಂಡಕ್ಕೆ ಈ ದಾರಿ ಸಲೀಸು.

4. ಸ್ಟೋರಿಬೋರ್ಡ್ ಬರೆಯಲು ಬಾರದಿದ್ದರೆ ಫೋಟೊ ತೆಗೆಯಿರಿ

ಚಿತ್ರ ಬಿಡಿಸುವವರು ತಂಡದಲ್ಲಿ ಒಬ್ಬರಿದ್ದರೆ ಆಯಿತು, ಬೋರ್ಡು ಚೆನ್ನಾಗಿ ಬರುತ್ತದೆ, ಸಿನಿಮಾ ಬೇರೆಯೇ ಬರುತ್ತದೆ. ಕಾಗದದ ಮೇಲೆ ಬಸ್ಸಿನ ಸೀಟಿನಲ್ಲಿ ಎಲ್ಲಿ ಬೇಕಾದರೂ ಕ್ಯಾಮೆರಾ ಇಡಬಹುದು. ನಿಜವಾದ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಅಡ್ಡ ಬರುತ್ತದೆ.

ಅದರ ಬದಲು ಶೂಟಿಂಗ್ ಜಾಗಕ್ಕೇ ಹೋಗಿ. ಪಾತ್ರಗಳ ಜಾಗದಲ್ಲಿ ಯಾರನ್ನಾದರೂ ಕೂರಿಸಿ, ಒಂದೊಂದು ಶಾಟಿಗೂ ಮೊಬೈಲಿನಲ್ಲಿ ಒಂದೊಂದು ಫೋಟೊ ತೆಗೆಯಿರಿ. ಆ ಫೋಟೊಗಳನ್ನು ಎಡಿಟಿಂಗ್ ಆ್ಯಪಿನಲ್ಲಿ ಸಾಲಾಗಿ ಇಟ್ಟು, ಒಂದೊಂದಕ್ಕೂ ಅಂದಾಜು ಸೆಕೆಂಡು ಕೊಟ್ಟು, ಮಾತುಗಳನ್ನು ನೀವೇ ಓದಿ ರೆಕಾರ್ಡ್ ಮಾಡಿ ಸೇರಿಸಿ. ಎರಡು ನಿಮಿಷ ಅಂದುಕೊಂಡದ್ದು ನಾಲ್ಕಾಗಿರುತ್ತದೆ. ಯಾವ ಶಾಟ್ ಹೊಸದೇನನ್ನೂ ಹೇಳುತ್ತಿಲ್ಲ ಅಂತ ಆಗಲೇ ಕಣ್ಣಿಗೆ ಹೊಡೆಯುತ್ತದೆ. ಮೇಲಿನ ಬೈಂಡಿನ ದೃಶ್ಯಕ್ಕೆ ಬಸ್ಸು ಘಟ್ಟ ಹತ್ತುವ ಭರ್ಜರಿ ವೈಡ್ ಶಾಟ್ ಬರೆದುಕೊಂಡಿದ್ದರು. ಫೋಟೊ ಜೋಡಿಸಿ ನೋಡಿದ ಮೇಲೆ ಅವರೇ ತೆಗೆದುಹಾಕಿದರು. ಶೂಟ್ ಮಾಡಿದ ಮೇಲೆ ತೆಗೆಯಿರಿ ಅಂದಿದ್ದರೆ ಒಪ್ಪುತ್ತಿರಲಿಲ್ಲ. ಬೆವರು ಸುರಿಸಿ ತೆಗೆದ ಶಾಟನ್ನು ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ, ದೊಡ್ಡ ನಿರ್ದೇಶಕರಿಗೂ.

5. ಜಾಗ ಮೊದಲು, ಶಾಟ್ ಆಮೇಲೆ

ಓಡುವ ಬಸ್ಸಿನಲ್ಲಿ ಶೂಟ್ ಮಾಡುವ ಆಸೆ ಬಿಡಿ. ಅನುಮತಿ ಕಷ್ಟ, ಪ್ರಯಾಣಿಕರಿಗೆ ಕಿರಿಕಿರಿ, ಕ್ಯಾಮೆರಾ ನಿಲ್ಲುವುದಿಲ್ಲ. ಹಳ್ಳಿಯಲ್ಲಿ ರಾತ್ರಿ ಹಾಲ್ಟ್ ಮಾಡಿ ಬೆಳಗ್ಗೆ ಹೊರಡುವ ಖಾಸಗಿ ಬಸ್ಸುಗಳಿವೆ. ಮಾಲೀಕರನ್ನು ಕೇಳಿ ಒಪ್ಪಿಸಿದರೆ ಹೊರಡುವ ಮುಂಚಿನ ಹೊತ್ತು ನಿಮ್ಮದು. ಬೆಳಗಿನ ಓರೆ ಬಿಸಿಲು ತೆರೆಯ ಮೇಲೆ ಸಂಜೆಯಾಗಿ ಧಾರಾಳವಾಗಿ ನಡೆಯುತ್ತದೆ. ಕಿಟಕಿಯ ಹೊರಗಿನದು ಫ್ರೇಮಿನಲ್ಲಿ ಬಾರದಂತೆ ಹತ್ತಿರದ ಶಾಟ್ ಇಟ್ಟುಕೊಳ್ಳಿ, ಇಬ್ಬರು ಹುಡುಗರು ಸೀಟನ್ನು ಮೆಲ್ಲಗೆ ಕುಲುಕಲಿ, ಇನ್ನೊಬ್ಬ ಹೊರಗಡೆ ರಟ್ಟು ಹಿಡಿದು ಮುಖದ ಮೇಲೆ ನೆರಳು ಹಾಯಿಸಲಿ. ಬಸ್ಸು ಓಡುತ್ತದೆ.

ಕ್ಯಾಂಪಸ್ಸಿನಲ್ಲಾದರೆ ಪ್ರಿನ್ಸಿಪಾಲರ ಅನುಮತಿ ಕಾಗದದಲ್ಲಿರಲಿ. ಹದಿನೆಂಟು ತುಂಬದವರು ನಟಿಸುತ್ತಿದ್ದರೆ ಮನೆಯವರ ಸಹಿ ಬೇಕೇ ಬೇಕು.

6. ಮೊದಲ ದಿನ ಮೊದಲ ದೃಶ್ಯ ತೆಗೆಯಬೇಡಿ

ಎಲ್ಲ ತಂಡಗಳಿಗೂ ದೃಶ್ಯ ಒಂದರಿಂದಲೇ ಶುರು ಮಾಡುವ ಹಟ. ಪೂಜೆ ಬೇಕಿದ್ದರೆ ಮಾಡಿ, ತೆಂಗಿನಕಾಯಿ ಒಡೆಯಿರಿ, ಆದರೆ ಕ್ಯಾಮೆರಾ ಮುಂದೆ ಮಧ್ಯದ ಯಾವುದಾದರೂ ಸಣ್ಣ ದೃಶ್ಯ ಬರಲಿ. ಮೊದಲ ದಿನ ನಟರ ಮೈ ಬಿಗಿ, ಕ್ಯಾಮೆರಾದವನಿಗೆ ಕೈ ನಡುಕ, ಕ್ಲಾಪ್ ಹೊಡೆಯುವವಳಿಗೂ ನಗು ತಡೆಯುವುದಿಲ್ಲ. ನೋಡುವವರು ಅತ್ಯಂತ ಗಮನವಿಟ್ಟು ನೋಡುವ ಎರಡು ನಿಮಿಷವನ್ನು ಆ ದಿನ ತೆಗೆದರೆ ಹೇಗೆ? ಮೂರನೆಯ ದಿನದ ಹೊತ್ತಿಗೆ ಹುಡುಗಿ ಬ್ಯಾಗ್ ಹಿಡಿಯುವ ರೀತಿಯೇ ಬದಲಾಗಿರುತ್ತದೆ.

7. ಬಿಳಿ ಅಂಗಿ, ಟ್ಯೂಬ್‌ಲೈಟು

ಯೂನಿಫಾರಂನ ಬಿಳಿ ಶರ್ಟು ಬಿಸಿಲಿನಲ್ಲಿ ಸುಟ್ಟುಹೋದಂತೆ ಕಾಣುತ್ತದೆ, ಅದನ್ನು ಉಳಿಸಹೋದರೆ ಮುಖ ಕಪ್ಪಾಗುತ್ತದೆ. ನೆರಳಿಗೆ ಬನ್ನಿ. ಪರದೆಯ ಮೇಲೆ ಮುಖವನ್ನು ಬೆರಳಿನಿಂದ ಒತ್ತಿ ಹಿಡಿದು ಎಕ್ಸ್‌ಪೋಶರ್ ಲಾಕ್ ಮಾಡಿ. ಇಲ್ಲದಿದ್ದರೆ ಬಿಳಿ ಅಂಗಿಯವನೊಬ್ಬ ಅಡ್ಡ ಹಾದರೂ ಶಾಟ್ ನಡುವೆಯೇ ಬೆಳಕು ಏರಿಳಿಯುತ್ತದೆ.

ತರಗತಿಯ ದೃಶ್ಯದಲ್ಲಿ ಚಿತ್ರ ಪಟಪಟ ಮಿನುಗಿದರೆ ಮೊಬೈಲ್ ಕೆಟ್ಟಿದೆ ಅಂದುಕೊಳ್ಳಬೇಡಿ. ನಮ್ಮ ಕರೆಂಟು 50 ಹರ್ಟ್ಜ್, ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಮೊಬೈಲು ಸಾಮಾನ್ಯವಾಗಿ 30 ಫ್ರೇಮಿನಲ್ಲಿ ತೆಗೆಯುತ್ತದೆ, ಎರಡಕ್ಕೂ ತಾಳ ಕೂಡುವುದಿಲ್ಲ. 25 ಫ್ರೇಮು, ಶಟರ್ 1/50 ಇಟ್ಟರೆ ಮಿನುಗು ನಿಲ್ಲುತ್ತದೆ. ಮೊಬೈಲಿನ ಸ್ವಂತ ಕ್ಯಾಮೆರಾದಲ್ಲಿ ಇದು ಸಿಗದಿದ್ದರೆ ಉಚಿತ ಆ್ಯಪ್‌ಗಳಲ್ಲಿ ಸಿಗುತ್ತದೆ.

8. ಕಪ್ಪು ತೆರೆಯ ಮೇಲೂ ಸದ್ದು ಇರಲಿ

ಚಿತ್ರ ಬರುವ ಮೊದಲೇ ಕಂಡಕ್ಟರನ ಸೀಟಿ, ‘ರೈಟ್ ರೈಟ್’, ಎಂಜಿನ್ ಏರುವ ಸದ್ದು ಬಂದರೆ ನೋಡುವವರು ಬಸ್ಸು ಹತ್ತಿ ಕೂತಾಯಿತು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಈ ಸದ್ದುಗಳನ್ನು ಬೇರೆ ದಿನ, ನಿಜವಾದ ಬಸ್ಸಿನಲ್ಲಿ, ಮೊಬೈಲ್ ತೊಡೆಯ ಮೇಲಿಟ್ಟುಕೊಂಡು ರೆಕಾರ್ಡ್ ಮಾಡಿ. ಬೈಂಡು ಮಡಿಸುವ ಪರಪರ ಸದ್ದನ್ನು ಮಾತ್ರ ಮನೆಯಲ್ಲಿ, ಫ್ಯಾನ್ ಆರಿಸಿ, ಮೈಕಿಗೆ ಹತ್ತಿರ ಹಿಡಿದು ತೆಗೆಯಿರಿ.

ಸಿನಿಮಾ ಹಾಡು ಹಾಕಿಬಿಡೋಣ ಅಂತ ಒಬ್ಬರಾದರೂ ಅನ್ನುತ್ತಾರೆ. ಹಾಕಬೇಡಿ. ಹಳೆಯದಾದರೂ ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತದೆ, ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ. ಯೂಟ್ಯೂಬಿಗೆ ಹಾಕಿದ ಕೂಡಲೇ ಯಂತ್ರವೇ ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ತಕರಾರು ನನ್ನದು: ಆ ಹಾಡು ಕೇಳಿದ ಕೂಡಲೇ ನೋಡುವವರಿಗೆ ಆ ಸಿನಿಮಾ ನೆನಪಾಗುತ್ತದೆ, ನಿಮ್ಮದು ಮರೆತುಹೋಗುತ್ತದೆ.

9. ಶೀರ್ಷಿಕೆಯ ಒತ್ತಕ್ಷರ

ಕೊನೆಯ ರಾತ್ರಿಗೆ ಬಿಡುವ ಕೆಲಸ ಇದು, ಕೈಕೊಡುವುದೂ ಇದೇ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಬಿಡಿಬಿಡಿಯಾಗಿ ಕೂರುವುದುಂಟು. ಪ್ರೀಮಿಯರ್ ಪ್ರೊದಲ್ಲಾದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಟೆಕ್ಸ್ಟ್ ಎಂಜಿನ್ ಆರಿಸಿಕೊಳ್ಳಿ. ಅಷ್ಟಕ್ಕೂ ಸರಿಹೋಗದಿದ್ದರೆ ಕೈಯಲ್ಲೇ ಬರೆದು ಫೋಟೊ ತೆಗೆದು ಹಾಕಿ. ಬೈಂಡಿನ ತಂಡ ಶೀರ್ಷಿಕೆಯನ್ನು ಪುಸ್ತಕದ ಲೇಬಲ್ಲಿನ ಮೇಲೇ ಬರೆಯಿತು, ಹೆಸರು ತರಗತಿ ವಿಷಯ ಎಂಬ ಮೂರು ಸಾಲಿನಲ್ಲಿ ನಿರ್ದೇಶನ, ಛಾಯಾಗ್ರಹಣ, ಸಂಕಲನ. ಅಕ್ಷರ ತಂಡದಲ್ಲೇ ಒಬ್ಬಳದು, ಸ್ವಲ್ಪ ಸೊಟ್ಟ. ಕಂಪ್ಯೂಟರಿನ ಯಾವ ಫಾಂಟೂ ಅಷ್ಟು ಒಪ್ಪುತ್ತಿರಲಿಲ್ಲ.

10. ಬೇರೆ ಸೆಕ್ಷನ್ನಿನವರಿಗೆ ತೋರಿಸಿ

ರಫ್ ಕಟ್ ಆದ ಮೇಲೆ ತಂಡದವರ ಅಭಿಪ್ರಾಯ ಕೇಳಿ ಉಪಯೋಗವಿಲ್ಲ, ಅವರಿಗೆ ಕಥೆ ಗೊತ್ತು. ಏನೂ ಗೊತ್ತಿಲ್ಲದ ಇಬ್ಬರು ಮೂವರನ್ನು ಕರೆದು ಎರಡು ನಿಮಿಷ ತೋರಿಸಿ, ಅಲ್ಲೇ ನಿಲ್ಲಿಸಿ. ‘ಹೇಗಿದೆ?’ ಅಂತ ಕೇಳಬೇಡಿ, ‘ಸೂಪರ್’ ಅನ್ನುತ್ತಾರೆ. ಇವಳು ಏನು ಮುಚ್ಚಿಡುತ್ತಿದ್ದಾಳೆ, ಯಾರಿಂದ, ಮುಂದೆ ಏನಾಗಬಹುದು ಅಂತ ಕೇಳಿ. ಮೊದಲೆರಡಕ್ಕೆ ಎಲ್ಲರ ಉತ್ತರ ಒಂದೇ ಇರಬೇಕು, ಮೂರನೆಯದಕ್ಕೆ ಒಬ್ಬೊಬ್ಬರದು ಒಂದೊಂದು ಇರಬೇಕು. ಮೊದಲೆರಡರಲ್ಲೇ ತಡವರಿಸಿದರೆ ಹೊಸ ಶಾಟ್ ಸೇರಿಸಲು ಹೋಗಬೇಡಿ. ಮೊದಲ ಮೂರು ಶಾಟನ್ನು ತೆಗೆದು, ನಾಲ್ಕನೆಯದರಿಂದ ಶುರು ಮಾಡಿ, ಇನ್ನೊಂದು ಸೆಕ್ಷನ್ನಿನವರನ್ನು ಕರೆಯಿರಿ.